ನಗುವ ಮುಖದ ಚಿತ್ರ

ಬಾಗಿಲಲ್ಲಿ ವಿಜಯಕುಮಾರ್ ನಿಂತಿದ್ದ!

ಕೀರ್ತನಾಳ ಕೈಯಿಂದ ಕುಂಚ ಜಾರಿತು. ತುಂಗಭದ್ರೆಯಲ್ಲಿ ಮುಳುಗಿ ಎರಡು ವರ್ಷವಾದವನು ವಿನೋಬನಗರದ ಈ ಮಹಡಿ ಹತ್ತಿ ಬರುವುದುಂಟೇ...

“ಹೆದರಬ್ಯಾಡ್ರಿ. ನಾನು ಅವನ ತಮ್ಮ, ಕೊಟ್ರೇಶ. ಹರಿಹರದಿಂದ ಬಂದೆ.”

ವಿಜಯ್ ಜೊತೆ ಅವಳ ಮದುವೆ ಗೊತ್ತಾದಾಗಲೂ, ಅದು ನಡೆಯುವ ಮೊದಲೇ ಅವನು ತೀರಿಕೊಂಡಾಗಲೂ ಕೊಟ್ರೇಶ ದೂರದಲ್ಲಿ ಸೈನ್ಯದಲ್ಲಿದ್ದ. ಅವನನ್ನು ಅವಳು ನೋಡಿಯೇ ಇರಲಿಲ್ಲ.

“ಅವ್ವಗೆ ಅಣ್ಣ ನಗೋ ಚಿತ್ರ ಬೇಕಂತ. ಫೋಟೋ ಎಲ್ಲ ಮೊಬೈಲ್ ಜೊತೆ ಹೊಳೆ ಪಾಲಾದವು. ಇದೊಂದೇ ಐತೆ.”

ಅವನು ಚಾಚಿದ್ದು ವಿಜಯ್‌ನ ಗುರುತಿನ ಚೀಟಿ, ಬಿಗಿದ ಮುಖ. ಅದರಲ್ಲಿ ನಗುವೆಲ್ಲಿ?

“ಹಂಗಾದ್ರೆ ನೀವೇ ದಿನಾ ಬಂದು ಕೂಡ್ರಿ,” ಎಂದಳು. “ ಮೂಗು, ದವಡೆ ಒಂದೇ ಥರ ಐತೆ.”

ಮೊದಲು ಕಂದು ಬಣ್ಣದಲ್ಲಿ ನೆರಳು ಹಾಕಿದಳು. ಅಕ್ರಿಲಿಕ್ ಬಣ್ಣ ನಿಮಿಷಗಳಲ್ಲಿ ಒಣಗುತ್ತದೆ. ಒಣಗಿದ್ದನ್ನು ಒರೆಸಲಾಗದು, ಮೇಲೆ ಇನ್ನೊಂದು ಪದರ ಎಳೆಯಬಹುದು ಅಷ್ಟೇ. ಬಣ್ಣವನ್ನು ತಿಳಿಯಾಗಿಸಿ, ಗಾಜಿನಂಥ ತೆಳು ಪದರಗಳನ್ನು ಒಂದರ ಮೇಲೊಂದು ಎಳೆದಳು. ಮುಖಕ್ಕೆ ರಕ್ತ ಹರಿಯತೊಡಗಿತು.

ಆದರೆ ಹಿಂದೆ ಸರಿದು ನೋಡಿದಾಗಲೆಲ್ಲ ಒಂದೇ ಪ್ರಶ್ನೆ. ‘ವಿಜಯ್, ನೀವು ಹೀಗೇ ನಗ್ತಿದ್ರಾ?’ ನೆನಪೇ ಬರುತ್ತಿರಲಿಲ್ಲ... ಯಾರಿಗೂ ಹೇಳಲಾಗದ ಭಯ ಅದು.

ಒಂಬತ್ತನೆಯ ದಿನ, ಬೆಳಕಿಗೆ ತಿರುಗಿಸಲೆಂದು ಕೊಟ್ರೇಶನ ಗಲ್ಲ ಮುಟ್ಟಿದ ಬೆರಳು ಅಲ್ಲೇ ಉಳಿಯಿತು. ಅವನು ಎದ್ದುಬಿಟ್ಟ.

“ನೀವು ನೋಡೋದು ಅಣ್ಣನ್ನ. ನಾನು ಬರೀ ಅವನ ಅಚ್ಚು. ಇನ್ನು ಬರಲ್ಲರಿ.”

ಸತ್ತವನ ಮುಖ ಮರೆತಿದ್ದೇನೆಂದು ಹೇಗೆ ಹೇಳುವುದು?

ಉಳಿದದ್ದನ್ನು ಒಬ್ಬಳೇ ಮುಗಿಸಿ, ಹರಿಹರಕ್ಕೆ ಒಯ್ದಳು. ವಿಜಯ್‌ನ ತಾಯಿ ಅನ್ನಪೂರ್ಣಮ್ಮ ಚಿತ್ರದ ಹುಬ್ಬಿನ ಮೇಲೆ ಬೆರಳಿಟ್ಟರು.

“ಈ ಹುಬ್ಬಿನ ಗಾಯ ಕೊಟ್ರನದು. ಸಣ್ಣವನಿದ್ದಾಗ ಬಾವಿಕಟ್ಟೆ ತಾಗಿತ್ತು. ವಿಜಿಗೆ ಇರಲಿಲ್ಲವ್ವ.”

ಕೀರ್ತನಾ ದಿಗ್ಭ್ರಮೆಯಿಂದ ನೋಡಿದಳು. ಅಷ್ಟು ಪದರಗಳಲ್ಲಿ ಎಲ್ಲೂ ವಿಜಯ್ ಇರಲಿಲ್ಲ.

“ಅವರ ಮುಖ ಮರೆತೋಯ್ತಮ್ಮ... ಪಾಪ ಮಾಡಿದೆ ಅನ್ನಿಸ್ತೈತೆ.”

“ಅವನ ದನಿ ನನಗೂ ಮರೆತೈತೆ. ಹೆತ್ತವಳು ನಾನು.” ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಕೊಟ್ರ ಹಿತ್ತಲ ಮೆಟ್ಟಿಲ ಮ್ಯಾಲೆ ಕುಂತಾನೆ. ಹೋಗಿ ತೋರ್ಸು.”

ಕೊಟ್ರೇಶ ಚಿತ್ರ ನೋಡಿದ. ಅವನ ಕೈ ತಾನಾಗಿ ಹುಬ್ಬಿಗೆ ಹೋಯಿತು.

“ಇದು ನಾನು...”

“ಹೂಂ. ನನ್ನ ಕೈಗೆ ಮೊದಲೇ ಗೊತ್ತಿತ್ತು. ನನಗೆ ಈಗ ಗೊತ್ತಾಯ್ತು.”

“ನನ್ನ ನೋಡಿದ್ರೆ ಅಣ್ಣ ನೆನಪಾಗಲ್ವಾ?”

“ಆಗ್ತಾರೆ. ಸುಳ್ಳು ಹೇಳಲ್ಲ.”

ಅವನು ಸರಿದು ಜಾಗ ಮಾಡಿಕೊಟ್ಟ. “ಆಗ್ಲಿ ಬಿಡ್ರಿ. ನನಗೂ ಆಗ್ತಾನೆ. ಕೂಡ್ರಿ.”

ಕೂತವಳಿಗೆ ಎರಡು ವರ್ಷದ ಅಳು ಒಟ್ಟಿಗೆ ಬಂತು. ಅವನು ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

“ರಜೆ ಎಷ್ಟು ದಿನ ಐತೆ?”

“ಹನ್ನೊಂದು.”

“ಅಷ್ಟರೊಳಗೆ ಅವ್ವನ್ನ ಕರ್ಕೊಂಡು ನಮ್ಮನೀಗೆ ಬರ್ರಿ... ಅಪ್ಪನ ಹತ್ರ ಮಾತಾಡಾಕೆ.”

“ನಾಳೆನೇ ಬಂದ್ರೆ?”

“ಬರ್ರಿ.”