ಓರೆಯಲ್ಲಿ ಕಳೆದ ಐದು ಕಿಲೋಮೀಟರ್

ಮೂರು ವಾರದಿಂದ ಅವಳು ನನ್ನನ್ನು ಬೈಯುತ್ತಿದ್ದಳು. ಆ ಬೈಗುಳ ಕೇಳುವುದಕ್ಕೇ ನಾನು ದಿನಾ ಮೈದಾನಕ್ಕೆ ಬೇಗ ಬಂದು ಕುರ್ಚಿ ಹಾಕಿಕೊಳ್ಳುತ್ತಿದ್ದೆ.

ನನ್ನ ಕೆಲಸ ಇಷ್ಟೇ: ರಾಡಾರ್ ಗನ್ ಹಿಡಿದು ಬೌಲರ್‌ಗಳ ಚೆಂಡಿನ ವೇಗ ಅಳೆದು ಬರೆದುಕೊಳ್ಳುವುದು. ಅವಳು ಫಾಸ್ಟ್ ಬೌಲರ್. ದೂರದ ದೊಡ್ಡ ಕ್ಯಾಂಪಿಗೆ ಆಯ್ಕೆಯಾಗಲು ಗಂಟೆಗೆ ನೂರ ಹತ್ತು ಕಿಲೋಮೀಟರ್ ಬೇಕು. ಅವಳದು ನೂರ ಏಳರಲ್ಲೇ ಕಚ್ಚಿಕೊಂಡಿತ್ತು. ಇವತ್ತು ಕೊನೆಯ ಟ್ರಯಲ್.

"ಮೀಟರ್ ಸಾರ್, ನಿಮ್ಮ ಗನ್ನಿಗೆ ನನ್ನ ಕಂಡ್ರೆ ಆಗಲ್ವಾ?"

ಗನ್ನಿನ ವಿಷಯ ಗೊತ್ತಿಲ್ಲ, ನನಗಂತೂ ಅವಳೆಂದರೆ ಪ್ರಾಣ. ಹೇಳುವ ಧೈರ್ಯ ಎಲ್ಲಿಂದ ತರಲಿ?

ಬೆವರಿಗೆ ಅಂಟಿದ ಕೂದಲನ್ನು ಕಿವಿ ಹಿಂದೆ ಸಿಕ್ಕಿಸಿ ಪಕ್ಕದಲ್ಲೇ ಕೂತಳು.

"ನನ್ನ ತಮ್ಮ ಶುದ್ಧ ಸೋಂಬೇರಿ. ಒಂದಿನ ಜಿಮ್ಮಿಗೆ ಹೋದವನಲ್ಲ. ಆದ್ರೂ ನೂರ ಇಪ್ಪತ್ತು ಹಾಕ್ತಾನೆ. ಇದ್ಯಾವ ನ್ಯಾಯ?"

"ಅವನ ತೋಳು ಉದ್ದ, ಭುಜದಲ್ಲಿ ಬಲ ಜಾಸ್ತಿ. ತೋಳು ಉದ್ದ ಇದ್ದಷ್ಟೂ ತುದೀಲಿರೋ ಚೆಂಡಿಗೆ ವೇಗ ಸಿಗುತ್ತೆ. ನೀವು ಅದನ್ನ ಓಟದಲ್ಲಿ, ಸೊಂಟದ ತಿರುವಲ್ಲಿ ತುಂಬಿಸ್ಕೋತೀರ. ಅವನದು ಮೈ ಕೊಟ್ಟಿದ್ದು, ನಿಮ್ಮದು ನೀವೇ ಸಂಪಾದಿಸಿದ್ದು."

"ಅಬ್ಬಾ, ಇಷ್ಟೊಂದು ಮಾತು ಬರುತ್ತಾ ನಿಮಗೆ?" ಕಣ್ಣಂಚಿನಲ್ಲೇ ನಕ್ಕಳು.

ನಾಚಿಕೆ ಮುಚ್ಚಿಕೊಳ್ಳಲು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೆ. ಪಿಚ್ಚು, ಚೆಂಡಿನ ದಾರಿ, ನನ್ನ ಕುರ್ಚಿ. ಪೆನ್ನು ಅಲ್ಲೇ ನಿಂತಿತು. ಗನ್ನನ್ನು ಚೆಂಡಿನ ದಾರಿಗೆ ನೇರವಾಗಿ ಹಿಡಿಯಬೇಕು, ಓರೆಯಾದರೆ ವೇಗ ಕಡಿಮೆ ತೋರಿಸುತ್ತದೆ. ಈ ಕೆಲಸದಲ್ಲಿ ಮೊದಲು ಕಲಿಸುವುದೇ ಅದು. ಬೇರೆಯವರಿಗೆಲ್ಲ ಪಿಚ್ಚಿನ ಆ ತುದಿಯ ಬಲೆಯ ಹಿಂದೆ ನೇರ ಕೂತವನು, ಅವಳ ಸರದಿ ಬಂದಾಗ ಮಾತ್ರ ಕುರ್ಚಿಯನ್ನು ಬೌಲರ್ ಓಡಿ ಬರುವ ಈ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದೆ. ಎಂಥ ಪೆದ್ದ ನಾನು!

ಬಾಯಿ ಮುಚ್ಚಿಕೊಂಡಿದ್ದರೆ ಅವಳು ಇಲ್ಲೇ ಉಳಿಯುತ್ತಿದ್ದಳು. ಒಂದು ಕ್ಷಣ ಆ ಆಸೆಯೂ ಬಂತು, ಸುಳ್ಳು ಯಾಕೆ ಹೇಳಲಿ.

"ತಪ್ಪು ನನ್ನದು," ಎಂದೆ. "ಓರೆಯಾಗಿ ಕೂತಿದ್ದೆ. ನಿಮ್ಮ ವೇಗ ಇನ್ನೂ ಜಾಸ್ತಿ ಇದೆ."

ಅವಳ ಮುಖ ಕೆಂಪಾಯಿತು. "ಮೂರು ವಾರ ರಾತ್ರಿ ನಿದ್ದೆ ಮಾಡಿಲ್ಲ ನಾನು. ಯಾಕೆ ಅಲ್ಲಿ ಕೂತ್ರಿ?"

"ಬಾಲ್ ಹಾಕಿ ವಾಪಸ್ ನಡೆಯುವಾಗ ನೀವು ಹತ್ತಿರ ಸಿಗ್ತೀರ. ಅದಕ್ಕೆ."

ಅವಳು ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ಎದ್ದು ನಿಂತಳು.

"ಹೋಗಿ, ನೇರ ಕೂತ್ಕೊಳ್ಳಿ."

ಬಲೆಯ ಹಿಂದಿನಿಂದ ನೋಡಿದರೆ ಅವಳು ಅಂಗೈಯಷ್ಟೇ ಕಾಣುತ್ತಿದ್ದಳು. ಓಡಿ ಬಂದಳು. ನೂರ ಹನ್ನೆರಡು. ಕೋಚ್ ಅವಳ ಹೆಸರು ಬರೆದುಕೊಂಡರು. ನಾಳೆ ಬೆಳಿಗ್ಗೆಯೇ ಬಸ್ಸು.

ಅವಳು ವಾಪಸ್ ನಡೆಯಲಿಲ್ಲ. ಪಿಚ್ಚನ್ನೆಲ್ಲ ದಾಟಿ ಬಲೆಯವರೆಗೂ ಬಂದು ನಿಂತಳು.

"ಆ ಕ್ಯಾಂಪಲ್ಲಿ ಗನ್ ಹಿಡಿಯೋರು ನೇರ ಕೂರ್ತಾರೆ ಅಲ್ವಾ?"

"ಕೂರ್ತಾರೆ."

"ಹಾಗಾದ್ರೆ ವಾಪಸ್ ನಡೆಯುವಾಗ ನಾನು ಯಾರನ್ನ ಬೈಲಿ?"

ಬಲೆಯ ಕಣ್ಣಿನಲ್ಲಿ ತೂರಿ ಬಂದ ಅವಳ ಬೆರಳನ್ನು ನಾನು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.