ಭೂತಾನದಿಂದ ತಂದ ಸಿಟ್ಟು

“ನಿನಗ ಕನ್ನಡ ಬರತೈತೇನು?!”

ಅವಲಕ್ಕಿ ತಟ್ಟೆಯನ್ನು ಟೀಪಾಯಿ ಮೇಲೆ ಕುಕ್ಕಿ ವಿದ್ಯಾವತಿ ಆಡಿದ ಮೊದಲ ಮಾತೇ ಅದು.

ತಿಕೋಟಾದ ಆ ಪಡಸಾಲೆಯಲ್ಲಿ ಎಲ್ಲರೂ ಅವಳತ್ತ ತಿರುಗಿದರು. ಹೆಣ್ಣು ನೋಡಲು ಬಬಲೇಶ್ವರದಿಂದ ಬಂದಿದ್ದ ಸಂಗನಬಸವ ತಲೆಯೆತ್ತಿದ. ಅವನ ತಂದೆ, ಸೇನೆಯ ನಿವೃತ್ತ ಹವಾಲ್ದಾರ ಗುರುಪಾದಯ್ಯ, ಚಹಾದ ಕಪ್ಪನ್ನು ತುಟಿಯ ಹತ್ತಿರವೇ ಹಿಡಿದು ಕೂತುಬಿಟ್ಟರು.

“ಏನ್ ಬೇ ಇದು! ಮನಿಗೆ ಬಂದವರ ಜೋಡಿ ಹಿಂಗ ಮಾತಾಡ್ತಾರೇನು?” ತಾಯಿ ಅಕ್ಕನಾಗಮ್ಮ ಗದರಿದಳು.

ವಿದ್ಯಾ ಸರ್ರನೆ ತಿರುಗಿ ಹಿತ್ತಲಿಗೆ ನಡೆದಳು.

‘ಹಳೇ ದೋಸ್ತನ ಮಗ’ ಎಂದಷ್ಟೇ ಹೇಳಿದ್ದ ಅಪ್ಪ! ಹೆಸರು ಹೇಳಿದ್ದರೆ ಸೀರೆಯನ್ನೇ ಉಡುತ್ತಿರಲಿಲ್ಲ ಅವಳು. ಗುರುಪಾದಯ್ಯನವರ ಮುಖ ಕಂಡಾಗಲೇ ಹುಡುಗ ಯಾರೆಂದು ತಿಳಿದದ್ದು.

ಅವಳ ತಂದೆ ಶಿವಲಿಂಗ ಸೇನೆಯಲ್ಲಿದ್ದಾಗ ಭೂತಾನದ ಹಾ ಕಣಿವೆಗೆ ವರ್ಗವಾಗಿತ್ತು. ಆಗ ವಿದ್ಯಾಗೆ ಏಳು ವರ್ಷ. ಹೊರಗೆ ಹಿಮ, ಸಾಲಿಯಲ್ಲಿ ಬರೀ ಹಿಂದಿ. ಮೊದಲ ದಿನವೇ ಒಂದಕ್ಕೆ ಹೋಗಬೇಕೆಂದು ಕನ್ನಡದಲ್ಲಿ ಬೇಡಿದಳು. ಟೀಚರಿಗೆ ತಿಳಿಯಲಿಲ್ಲ. ಕರ್ನಾಟಕದವನೆಂದು ಅದೇ ತರಗತಿಯ ಸಂಗುವನ್ನು, ಈ ಸಂಗನಬಸವನನ್ನೇ, ಎಬ್ಬಿಸಿ ಅವಳು ಹೇಳಿದ್ದೇನೆಂದು ಕೇಳಿದರು.

‘ಮುಝೆ ನಹೀ ಆತಾ’, ನನಗೆ ಕನ್ನಡ ಬರುವುದಿಲ್ಲ, ಎಂದುಬಿಟ್ಟ ಅವನು!

ನಿಂತಲ್ಲೇ ಫ್ರಾಕು ಒದ್ದೆಯಾಯಿತು. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ...

ಹಿಮದಲ್ಲಿ ಆ ಒದ್ದೆ ಬಟ್ಟೆಯಲ್ಲೇ ಮನೆಗೆ ನಡೆದಿದ್ದಳು. ಯಾಕೆ ಅತ್ತೆನೆಂದು ಅವ್ವನಿಗೂ ಹೇಳಿರಲಿಲ್ಲ.

“ವಿದ್ಯಾ...”

ಸಂಗನಬಸವ ಹಿಂದೆಯೇ ಬಂದಿದ್ದ.

“ಹೋಗ್ರಿ! ನನಗ ಈ ಮದುವಿ ಬ್ಯಾಡ!”

“ಹೋಗ್ತೀನಿ. ಒಂದು ಮಾತು ಕೇಳ್ರಿ. ನಮ್ಮವ್ವ ಡೆಹ್ರಾಡೂನದಾಕಿ. ಆಕಿ ತೀರಿಕೊಂಡ ಮ್ಯಾಲ ನಾ ಅಲ್ಲೇ ಅಜ್ಜಿ ಕಡೆ ಬೆಳದೆ. ಅಪ್ಪ ನನ್ನ ಭೂತಾನಕ್ಕ ಕರಕೊಂಡು ಬಂದು ಒಂದು ವಾರ ಆಗಿತ್ತು, ಅಷ್ಟ. ಖರೇನ ನನಗ ಕನ್ನಡ ಬರ್ತಿದ್ದಿಲ್ಲ.”

“ಸುಳ್ಳು! ಅವತ್ತ ಸಂಜೀಕ ಕ್ಯಾಂಟೀನದಾಗ ನಿಮ್ಮಪ್ಪ ‘ಲೇ ಸಂಗು, ಬಾ ಇಲ್ಲಿ’ ಅಂದ್ರು. ನೀ ಓಡಿ ಹೋದಿ. ನಾ ನೋಡೀನಿ!”

“‘ಬಾ’, ‘ಕೂಡು’, ‘ಊಟ’... ಇಷ್ಟ ತಿಳೀತಿತ್ತು. ನಿಮ್ಮ ಮಾತಿನ್ಯಾಗ ಅವು ಯಾವೂ ಇದ್ದಿಲ್ಲ.”

ಆದರೂ ವಿದ್ಯಾಳ ಎದೆಯ ಬೆಂಕಿ ಆರಲಿಲ್ಲ.

“ನಕ್ಕಿದ್ದು? ಅದಕ್ಕೂ ಕನ್ನಡ ಬೇಕಾಗಿತ್ತೇನು?”

ಅವನ ಮುಖ ಬಾಡಿತು.

“ಇಲ್ಲ... ಎಲ್ಲಾರೂ ನಕ್ಕರು, ನಾನೂ ನಕ್ಕೆ. ಅದು ತಪ್ಪ. ನೀವು ಅಳಕೋತ ಹೋಗೂದು ನೋಡಿದ ಮ್ಯಾಲ ಊಟ ಸೇರಲಿಲ್ಲ. ‘ತಪ್ಪಾತು, ನನ್ನ ಜೋಡಿ ಮಾತಾಡು’ ಅನ್ನೂದನ್ನ ಅಪ್ಪನ ಕಡಿಂದ ಕಲಿತೆ. ಆದ್ರ ನೀವು ನನ್ನ ನೆರಳ ಕಂಡ್ರೂ ಓಡ್ತಿದ್ರಿ. ಆಮ್ಯಾಲ ಒಂದಿನ ನಿಮ್ಮ ಸಾಮಾನು ಟ್ರಕ್ಕಿಗೆ ಏರಿಬಿಟ್ಟಿತ್ತು.”

ದ್ರಾಕ್ಷಿ ತೋಟದ ಕಡೆಯಿಂದ ಬಿಸಿ ಗಾಳಿ ಬೀಸಿತು. ಅವಳ ಕಣ್ಣು ತುಂಬಿ ಬಂತು.

‘ಇಷ್ಟು ವರ್ಷ ಕಾದಿಟ್ಟ ಸಿಟ್ಟು... ಇವನನ್ನು ಒಂದು ದಿನವೂ ಮರೆಯದಂತೆ ಮಾಡಿದ್ದೂ ಇದೇ ಅಲ್ಲವೇ!’

“ಅಪ್ಪ ನಿಮ್ಮ ಹೆಸರು ತಗೊಂಡಾಗ ನಾನ ಹಟ ಹಿಡದು ಬಂದೀನಿ. ನೀವು ಒಲ್ಲೆ ಅಂದ್ರೂ ಸೈ... ತಪ್ಪಾತು ಅನ್ನಬೇಕಾಗಿತ್ತು.”

“ಇಷ್ಟಕ್ಕ ಸಿಟ್ಟು ಇಳೀತೈತಿ ಅಂತ ತಿಳದೀಯೇನು?”

“ಇಳೀಬ್ಯಾಡ. ಬೈರಿ.”

ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಅವನತ್ತ ತಿರುಗಿದಳು.

“ಇವತ್ತ ಬೈದು ಮುಗಿಯೂದಿಲ್ಲ, ಭಾಳ ಐತಿ. ಮುಂದಿನ ರವಿವಾರ ಬಾ.”

“ಅಪ್ಪನ್ನ ಕರಕೊಂಡು ಬರ್ಲೇನು?”

“ಬ್ಯಾಡ... ಒಬ್ಬನ ಬಾ.”