ಅಮ್ಮನನ್ನು ಯಾರು ಕೇಳಿದರು?

"ಮಾಮಾ, ಗಂಟು ಹಾಕಬೇಡ! ಒದ್ದೆ ಫೋಟೋನ ಹಾಗೆ ಕಟ್ಟಿಡಬಾರದಂತೆ!"

ಹನಾದಿ ಎಷ್ಟು ಕೂಗಿಕೊಂಡರೂ ಸಿದ್ದೀಗ್ ಮಾಮ ತಿರುಗಿಯೂ ನೋಡಲಿಲ್ಲ. ಕಪ್ಪು ಪ್ಲಾಸ್ಟಿಕ್ ಚೀಲದ ಬಾಯಿ ಹಿಂಡಿ ಮೂರು ಗಂಟು ಬಿಗಿದ. ಒಳಗೆ ಅಮ್ಮನ ಮದುವೆಯ ಫೋಟೋಗಳಿದ್ದವು, ಅವುಗಳ ನೆಗೆಟಿವ್‌ಗಳೂ ಇದ್ದವು.

ನಿನ್ನೆ ಮಧ್ಯಾಹ್ನ ಇದ್ದಿಲೊಲೆಯಿಂದ ಕಿಡಿ ಹಾರಿ ಅಡುಗೆಯ ಹುಲ್ಲು ಚಪ್ಪರ ಹೊತ್ತಿಕೊಂಡಿತ್ತು. ನೋಡನೋಡುತ್ತಲೇ ಪಕ್ಕದ ಕೋಣೆಗೂ ಬೆಂಕಿ ಹಬ್ಬಿತು. ಓಮ್ದುರ್ಮಾನ್ ಊರಿನ ಆ ಓಣಿಯವರೆಲ್ಲ ಬಕೆಟ್ ಹಿಡಿದು ಓಡಿಬಂದು ನೀರು ಸುರಿದರು. ಅಮ್ಮ ಮಾತ್ರ ಒಳಗೆ ನುಗ್ಗಿ, ಈ ಫೋಟೋಗಳಿದ್ದ ಕಾದ ತಗಡಿನ ಪೆಟ್ಟಿಗೆಯನ್ನು ಬರಿಗೈಯಲ್ಲಿ ಎಳೆದು ತಂದಳು. ಈಗ ಅವಳ ಎರಡೂ ಕೈಗೆ ಬ್ಯಾಂಡೇಜು. ಪಕ್ಕದ ಮನೆಯ ಅವಾದಿಯಾ ಚಿಕ್ಕಮ್ಮನ ಅಂಗಳದಲ್ಲಿ, ಹಗ್ಗದ ಮಂಚದ ಮೇಲೆ ಮಲಗಿದ್ದಳು. ಪೆಟ್ಟಿಗೆ ಸುಡಲಿಲ್ಲ, ಆದರೆ ಒಳಗೆಲ್ಲ ನೀರು ತುಂಬಿತ್ತು.

"ನಿಂಗೇನೇ ಗೊತ್ತು?" ಎಂದ ಮಾಮ. "ನಿಮ್ಮಮ್ಮ ಮದುಮಗಳಾಗಿ ಕುಣಿದ ಫೋಟೋ ಇವು. ಹೆಂಗಸರು ಮಾತ್ರ ನೋಡೋವು. ಸ್ವಂತ ಅಣ್ಣ ನಾನೇ ಇವತ್ತಿನವರೆಗೆ ನೋಡಿಲ್ಲ. ಈಗ ಗೋಡೆ ಬಿದ್ದಿದೆ, ದಾರಿಹೋಕರೆಲ್ಲ ಒಳಗೆ ಬಂದು ಇಣುಕ್ತಿದ್ದಾರೆ. ಒಂದು ಯಾರದೋ ಕೈಗೆ ಸಿಕ್ಕಿದ್ರೂ ಮಾನ ಹೋಯ್ತು. ಹೇಗೂ ಹಾಳಾಗಿವೆ, ಸುಟ್ಟುಬಿಡ್ತೀನಿ."

"ಸುಡ್ತೀಯಾ? ಅಮ್ಮ ಬೆಂಕಿಯಿಂದ ಎಳೆದು ತಂದಿದ್ದನ್ನ ನೀನು ಸುಡ್ತೀಯಾ?"

"ಬಾಯಿ ಜಾಸ್ತಿ ಆಯ್ತು ನಿಂದು. ಇದು ದೊಡ್ಡವರ ವಿಷಯ."

ಹನಾದಿಗೆ ಸಿಟ್ಟು ನೆತ್ತಿಗೇರಿತು. ಇದೆಂಥ ಅನ್ಯಾಯ! "ಫೋಟೋ ನಿಂದಾ? ಅಮ್ಮಂದು! ಅಮ್ಮನ್ನ ಯಾರು ಕೇಳಿದ್ರು?"

"ಪಾಪ, ಅವಳು ನೋವಲ್ಲಿದ್ದಾಳೆ. ಅವಳಿಗೆ ತೊಂದ್ರೆ ಕೊಡಬೇಡ," ಎಂದ ಮಾಮ, ಬೆಂಕಿಪೊಟ್ಟಣಕ್ಕಾಗಿ ಜೇಬು ತಡಕಾಡತೊಡಗಿದ.

ಅಷ್ಟು ಸಾಕಿತ್ತು. ಹನಾದಿ ಚೀಲವನ್ನು ಕಸಿದು ಎದೆಗವಚಿಕೊಂಡು ಒಂದೇ ಉಸಿರಿಗೆ ಪಕ್ಕದ ಅಂಗಳಕ್ಕೆ ಓಡಿದಳು. "ಚಿಕ್ಕಮ್ಮಾ, ಚಿಲಕ ಹಾಕು!"

ಅವಾದಿಯಾ ಚಿಕ್ಕಮ್ಮ ಚಿಲಕ ಹಾಕುವುದಕ್ಕೂ ಮಾಮ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

"ಅವಾದಿಯಾ, ಬಾಗಿಲು ತೆಗಿ!"

"ಹೇಗಪ್ಪಾ ತೆಗೆಯೋದು? ಇಲ್ಲಿ ಹೆಂಗಸರ ಫೋಟೋ ಹರಡ್ತಿದ್ದೀವಿ. ಗಂಡಸರು ನೋಡೋ ಹಾಗಿಲ್ವಲ್ಲ!"

ಹೊರಗೆ ಸದ್ದು ನಿಂತಿತು. ಚಿಕ್ಕಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹನಾದಿಗೆ ನಗು ಬರಲಿಲ್ಲ.

ಬೆಳಿಗ್ಗೆಯೇ ಅವಳು ಫೋಟೋ ಸ್ಟುಡಿಯೋದ ಫರಾಜ್ ಅಂಕಲ್ ಹತ್ತಿರ ಓಡಿಹೋಗಿ ಎಲ್ಲ ಕೇಳಿಕೊಂಡು ಬಂದಿದ್ದಳು. ಒದ್ದೆ ಫೋಟೋಗಳು ಒಂದರ ಮೇಲೊಂದು ಒಣಗಿದರೆ ಅಂಟಿಕೊಂಡು ಹಲಗೆಯಾಗುತ್ತವಂತೆ. ಮೊದಲು ತಣ್ಣೀರಲ್ಲಿ ನೆನೆಸಬೇಕು, ತಾವಾಗಿ ಸಡಿಲವಾದ ಮೇಲೆ ಬಿಡಿಸಬೇಕು, ಮುಖದ ಕಡೆ ಬೆರಳು ತಾಗಬಾರದು. ಬಿಸಿಲಿಗಂತೂ ಇಡಲೇಬಾರದು.

ದೊಡ್ಡ ಬೋಗುಣಿ ತಂದು ನೀರು ತುಂಬಿ ಫೋಟೋಗಳನ್ನು ಅದರಲ್ಲಿ ಬಿಟ್ಟರು. ಮೊದಲ ಜೋಡಿಯನ್ನು ಹನಾದಿ ಅವಸರಪಟ್ಟು ಎಳೆದುಬಿಟ್ಟಳು. ಮದುಮಗಳ ಮುಖ ಕಿತ್ತುಬಂದು ಇನ್ನೊಂದು ಫೋಟೋದ ಬೆನ್ನಿಗೆ ಅಂಟಿಕೊಂಡಿತು. ಅವಳಿಗೆ ಅಳು ಒತ್ತರಿಸಿ ಬಂತು.

"ಅತ್ತಿದ್ದು ಸಾಕು, ಮುಂದಿನದು ನೋಡು," ಎಂದಳು ಚಿಕ್ಕಮ್ಮ.

ಆಮೇಲೆ ಹನಾದಿ ಕಾದಳು. ಕಾಲು ಜೋಮು ಹಿಡಿಯುವವರೆಗೂ ಕಾದಳು. ಒಂದೊಂದನ್ನೇ ಬಿಡಿಸಿ ನೆರಳಿನಲ್ಲಿದ್ದ ಇನ್ನೊಂದು ಮಂಚದ ಮೇಲೆ ಬಟ್ಟೆ ಹಾಸಿ ಮಲಗಿಸಿದಳು. ಧೂಳು ಕೂರದ ಹಾಗೆ ಮೇಲೆ ಸೊಳ್ಳೆಪರದೆ ಕಟ್ಟಿದಳು. ನೆಗೆಟಿವ್‌ಗಳನ್ನು ಕ್ಲಿಪ್ ಹಾಕಿ ಹಗ್ಗಕ್ಕೆ ನೇತುಬಿಟ್ಟಳು. ನಲವತ್ತಕ್ಕೂ ಹೆಚ್ಚು ಉಳಿದವು.

ಅಷ್ಟಾದ ಮೇಲೆ ಅಮ್ಮನ ಹತ್ತಿರ ಓಡಿದಳು. "ಅಮ್ಮಾ, ನೋಡು! ಮಾಮನ ಕೈಗೆ ಒಂದೂ ಸಿಗದ ಹಾಗೆ ಉಳಿಸಿದೆ. ಅವನು ನಿನ್ನನ್ನ ಒಂದು ಮಾತೂ ಕೇಳಲಿಲ್ಲ!"

ಅಮ್ಮ ಅವಳನ್ನೇ ನೋಡಿದಳು. "ನೀನು ಕೇಳಿದ್ಯಾ?"

ಹನಾದಿ ಅಮ್ಮನ ಬ್ಯಾಂಡೇಜಿನ ಕೈ ನೋಡಿದಳು.

"ಬೆಳಗಿಂದ ಇಲ್ಲೇ ಮಲಗಿದ್ದೀನಿ, ಹತ್ತು ಹೆಜ್ಜೆ ದೂರದಲ್ಲಿ," ಎಂದಳು ಅಮ್ಮ. "ಸುಟ್ಟಿರೋದು ಕೈ ಕಣೇ, ನಾಲಿಗೆಯಲ್ಲ. ಅಜ್ಜಿ ತಮಟೆ ಬಾರಿಸ್ತಿರೋ ಫೋಟೋ ಇದೆಯಾ ನೋಡು."

ಇತ್ತು. ಅಂಚಿನ ಬಣ್ಣ ಹೋಗಿತ್ತು. ಒಂದು ಬದಿಯಲ್ಲಿ ಅಮ್ಮ ಕುಣಿಯುತ್ತಿದ್ದಳು. ಇನ್ನೊಂದು ಬದಿಯಲ್ಲಿ ಅಜ್ಜಿ ನೆಲದ ಮೇಲೆ ಕೂತು, ತಮಟೆ ತೊಡೆಯ ಮೇಲಿಟ್ಟುಕೊಂಡು ಬಾಯ್ತುಂಬ ನಗುತ್ತಿದ್ದಳು.

"ನಮ್ಮಮ್ಮ ನಗ್ತಿರೋ ಫೋಟೋ ಇದೊಂದೇ. ಇದಕ್ಕೇ ನಾನು ಪೆಟ್ಟಿಗೆ ಎಳೆದದ್ದು. ಆ ವರ್ಷವೇ ಅವಳು ಹೋಗಿಬಿಟ್ಟಳು. ನಿಮ್ಮ ಮಾಮ ಇದನ್ನ ನೋಡೇ ಇಲ್ಲ. ಅವತ್ತು ಅವನು ಹೊರಗೆ ಗಂಡಸರಿಗೆ ಊಟ ಬಡಿಸ್ತಿದ್ದ. ಅವನನ್ನ ಕರಿ."

"ಅವನನ್ನಾ? ಸುಡೋಕೆ ಹೊರಟಿದ್ದವನನ್ನಾ?"

"ನಂಗೆ ತೋರಿಸಬೇಕು ಅನ್ನಿಸಿದೆ, ಹನಾದಿ."

ಹನಾದಿ ತುಟಿ ಕಚ್ಚಿಕೊಂಡಳು. ಫೋಟೋದಲ್ಲಿ ಅಮ್ಮ ಇದ್ದ ಬದಿಗೆ ತಾಗಿಯೂ ತಾಗದ ಹಾಗೆ ಬಟ್ಟೆ ಮುಚ್ಚಿದಳು. ಹೋಗಿ ಚಿಲಕ ತೆಗೆದಳು. ಮಾಮ ಗೋಡೆಗೊರಗಿ ಅಲ್ಲೇ ಕೂತಿದ್ದ. ಅವನಿಗೆ ಅನ್ನಬೇಕೆಂದು ಕೂಡಿಟ್ಟ ಮಾತುಗಳು ಬಾಯಿತನಕ ಬಂದವು. ಅವನ್ನು ನುಂಗಿ, "ಅಮ್ಮ ಕರೀತಿದ್ದಾಳೆ," ಎಂದಷ್ಟೇ ಹೇಳಿದಳು.

ಮಾಮ ತಲೆ ತಗ್ಗಿಸಿಕೊಂಡೇ ಬಂದ. ಫೋಟೋ ನೋಡಿದವನು ನೆಲದ ಮೇಲೇ ಕೂತ.

"ನಮ್ಮಮ್ಮನಿಗೆ ಮುಂದಿನ ಹಲ್ಲು ಇರಲಿಲ್ಲ ಅಲ್ವಾ," ಎಂದ. "ನಾನು ಮರ್ತೇಬಿಟ್ಟಿದ್ದೆ."

ಹನಾದಿಗೆ ಅವನ ಮೇಲಿನ ಸಿಟ್ಟೇನೂ ಪೂರ್ತಿ ಇಳಿದಿರಲಿಲ್ಲ. ಅವಳು ಅಮ್ಮನ ಮಂಚದ ಪಕ್ಕ ಬಂದು ಕೂತಳು.

"ಅಮ್ಮಾ, ಉಳಿದವನ್ನ ಏನು ಮಾಡ್ಲಿ?" ಎಂದು ಕೇಳಿದಳು.